ಸಹಾಯಾರ್ಥ ಆಟದಿಂದ ಸಹಾಯಾರ್ಥ ಓಟಕ್ಕೆ

ಕರಾವಳಿಯಲ್ಲಿ ‘ಆಟ’ ಎಂದರೆ ಯಕ್ಷಗಾನ. ‘ಇವತ್ತು ರಾತ್ರಿ ಆಟ ಉಂಟು’ ಎಂದರೆ ಯಾವ ಆಟವೆಂದು ಇಲ್ಲಿ ಯಾರೂ ಮರಳಿ ಕೇಳುವುದಿಲ್ಲ. ಆ ಆಟದ ಕರಪತ್ರದ ನೆತ್ತಿಯ ಮೇಲೆ ‘ಸಹಾಯಾರ್ಥ’ ಎಂಬ ಪದ ಕಂಡರೆ ಅದರ ಅರ್ಥವೂ ಎಲ್ಲರಿಗೂ ಗೊತ್ತು. ಶಾಲೆಗೆ ಒಂದು ಕೋಣೆ ಆಗಬೇಕಾಗಿದೆ, ಭಜನಾ ಮಂದಿರದ ಮಾಡು ಸೋರುತ್ತಿದೆ, ಇಲ್ಲವೇ ವೇಷ ಕಟ್ಟಿ ಆಯುಷ್ಯ ಸವೆಸಿದ ಕಲಾವಿದರೊಬ್ಬರು ಹಾಸಿಗೆ ಹಿಡಿದಿದ್ದಾರೆ. ಟಿಕೇಟು ಪುಸ್ತಕ ಹಿಡಿದು ಬಂದವರಿಗೆ ಹಣ ಕೊಡುವವರಲ್ಲಿ ಆಟಕ್ಕೆ ಹೋಗಲಾರದವರೂ ಇರುತ್ತಾರೆ. ಅವರ ಕುರ್ಚಿ ಖಾಲಿ ಉಳಿದರೂ ಹಣ ಮಾತ್ರ ಸೇರಬೇಕಾದಲ್ಲಿಗೆ ಸೇರುತ್ತದೆ.

ಈಚಿನ ವರ್ಷಗಳಲ್ಲಿ ಮಂಗಳೂರಿನ ಬೀದಿಗಳಲ್ಲಿ ಈ ಆಟಕ್ಕೆ ಒಬ್ಬ ತಮ್ಮ ಹುಟ್ಟಿದ್ದಾನೆ. ಅವನ ಹೆಸರು ಸಹಾಯಾರ್ಥ ಓಟ. ಭಾನುವಾರ ಬೆಳಕು ಹರಿಯುವ ಮೊದಲೇ ಮಣ್ಣಗುಡ್ಡೆಯ ಮಂಗಳಾ ಕ್ರೀಡಾಂಗಣದ ಸುತ್ತ, ಲೇಡಿಹಿಲ್, ಉರ್ವ, ಕೊಟ್ಟಾರದ ರಸ್ತೆಗಳಲ್ಲಿ ಒಂದೇ ಬಣ್ಣದ ಅಂಗಿ ತೊಟ್ಟವರು ಓಡುತ್ತಿರುವುದನ್ನು ಹಾಲು ತರಲು ಹೊರಟವರು ನೋಡಿರಬಹುದು. ರೋಗಿಗಳ ನೆರವಿಗೆ, ಮಕ್ಕಳ ಓದಿಗೆ ಎಂದು ಕಾರಣಗಳು ಬೇರೆ ಬೇರೆ. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಕೊಡುವವರು ಕೊಟ್ಟರಾಯಿತು, ಅದಕ್ಕೆ ಓಡಬೇಕಾದದ್ದೇಕೆ? ಇದಕ್ಕೆ ಉತ್ತರ ಹುಡುಕುತ್ತ ಹೋದರೆ ಗ್ರೀಸಿನಿಂದ ಬೆಳಗಾವಿಗೆ, ಕೆನಡಾದ ಹಿಮಗಾಳಿಯಿಂದ ನಮ್ಮ ಆಟಿ ತಿಂಗಳ ಮಳೆಗೆ ಒಂದು ಸುತ್ತು ಬರಬೇಕಾಗುತ್ತದೆ.

ಓಟವೇ ವೃತ್ತಿಯಾಗಿದ್ದ ಕಾಲ

ದೂರ ಓಡುವುದು ನಮ್ಮ ನಾಡಿಗೆ ಹೊಸತಲ್ಲ. 1672ರಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಆರಂಭವಾದ ಮೈಸೂರಿನ ಅಂಚೆ ನಡೆದದ್ದು ಓಟಗಾರರ ಕಾಲಿನ ಮೇಲೆ. ಒಬ್ಬ ಒಂದಷ್ಟು ದೂರ ಓಡಿ ಚೀಲವನ್ನು ಮುಂದಿನವನ ಹೆಗಲಿಗೆ ದಾಟಿಸುತ್ತಿದ್ದ. 1889ರಲ್ಲಿ ಆ ಅಂಚೆ ಬ್ರಿಟಿಷ್ ಇಂಡಿಯಾದ ಟಪ್ಪಾಲಿನೊಂದಿಗೆ ಸೇರಿಹೋಯಿತು. ಕಾಡು ಗುಡ್ಡಗಳ ದಾರಿಗಳಲ್ಲಿ ಟಪ್ಪಾಲಿನ ಓಟಗಾರ ಆಮೇಲೂ ಬಹುಕಾಲ ಉಳಿದ. ಅವನು ಓಡಿದ್ದು ಆರೋಗ್ಯಕ್ಕಲ್ಲ, ಪದಕಕ್ಕಲ್ಲ, ಸಂಬಳಕ್ಕೆ. ಬಡವ ಹೊಟ್ಟೆಪಾಡಿಗೆ ಓಡುವುದು, ಉಳ್ಳವ ಕುಳಿತು ಕಾಗದ ಓದುವುದು ಅಂದಿನ ವ್ಯವಸ್ಥೆ.

ಮ್ಯಾರಥಾನಿನ ಮೊದಲ ವೀರನೂ ಅಂಥ ದುಡಿಮೆಗಾರನೇ. 1896ರಲ್ಲಿ ಅಥೆನ್ಸಿನಲ್ಲಿ ಆಧುನಿಕ ಒಲಿಂಪಿಕ್ಸ್ ಆರಂಭವಾದಾಗ, ಮ್ಯಾರಥಾನ್ ಎಂಬ ಊರಿನಿಂದ ಓಡಿಬಂದ ದೂತನ ಪುರಾತನ ಕಥೆಯನ್ನು ನೆನೆದು ಸುಮಾರು 40 ಕಿಲೊಮೀಟರಿನ ಸ್ಪರ್ಧೆಯೊಂದನ್ನು ಇಟ್ಟರು. ಗೆದ್ದವನು ನೀರು ಹೊತ್ತು ಮಾರುತ್ತಿದ್ದ ಸ್ಪಿರಿಡಾನ್ ಲೂಯಿಸ್. ಇಂದಿನ 42.195 ಕಿಲೊಮೀಟರ್ ಎಂಬ ವಿಚಿತ್ರ ಲೆಕ್ಕ ಬಂದದ್ದು 1908ರ ಲಂಡನ್ ಒಲಿಂಪಿಕ್ಸಿನಿಂದ. ವಿಂಡ್ಸರ್ ಅರಮನೆಯಿಂದ ಕ್ರೀಡಾಂಗಣದ ರಾಜಪೀಠದ ಮುಂದಿನವರೆಗೆ ಅಳೆದ ದೂರ ಅದು. 1921ರಲ್ಲಿ ಅದನ್ನೇ ಜಗತ್ತಿಗೆಲ್ಲ ನಿಯಮವೆಂದು ಒಪ್ಪಿದರು.

ಬೆಳಗಾವಿಯ ಚೌಗುಲೆ

ಈ ಎರಡರ ನಡುವೆ, 1920ರಲ್ಲಿ, ಕನ್ನಡ ನಾಡಿನ ಒಬ್ಬ ತರುಣ ಈ ಓಟವನ್ನು ಓಡಿದ. ಅವನ ಹೆಸರು ಫಡೆಪ್ಪ ದಾರೆಪ್ಪ ಚೌಗುಲೆ. ಊರು ಬೆಳಗಾವಿ. ಆಗ ಅದು ಮುಂಬಯಿ ಪ್ರಾಂತಕ್ಕೆ ಸೇರಿತ್ತು.

ಕಥೆ ಆರಂಭವಾಗುವುದು ಪುಣೆಯಲ್ಲಿ. ಅಲ್ಲಿನ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟಕ್ಕೆ ಉದ್ಯಮಿ ದೊರಾಬ್ಜಿ ಟಾಟಾ ಅಧ್ಯಕ್ಷರಾಗಿ ಬಂದಿದ್ದರು. ಓಡಲು ನಿಂತವರಲ್ಲಿ ಹೆಚ್ಚಿನವರು ಹೊಲಗಳಲ್ಲಿ ದುಡಿಯುವ ಹುಡುಗರು. ಕಾಲಿಗೆ ಜೋಡಿಲ್ಲ, ನಿಯಮಗಳ ಪರಿಚಯವಿಲ್ಲ, ತರಬೇತಿಯಂತೂ ಇಲ್ಲವೇ ಇಲ್ಲ. ಆದರೂ ಅವರಲ್ಲಿ ಕೆಲವರು ಓಡಿದ ವೇಗ ಯುರೋಪಿನ ಓಟಗಾರರ ವೇಗಕ್ಕೆ ತೀರಾ ಹಿಂದಿರಲಿಲ್ಲ. ಇವರನ್ನು ಒಲಿಂಪಿಕ್ಸಿಗೆ ಏಕೆ ಕಳುಹಿಸಬಾರದು ಎಂದು ಟಾಟಾ ಯೋಚಿಸಿದರು. ಮುಂಬಯಿ ಗವರ್ನರ್ ಜಾರ್ಜ್ ಲಾಯ್ಡ್ ಬೆಂಬಲಕ್ಕೆ ನಿಂತರು. ಟಾಟಾ ಅವರ ಕೈಯ ಹಣ, ಸರಕಾರದ ನೆರವು, ಜನರಿಂದ ಎತ್ತಿದ ಚಂದಾ, ಇವೆಲ್ಲ ಸೇರಿ ನಾಲ್ವರು ಓಟಗಾರರು ಮತ್ತು ಇಬ್ಬರು ಪೈಲ್ವಾನರು ಹಡಗು ಹತ್ತಿದರು. ಭಾರತದ ಹೆಸರಿನಲ್ಲಿ ಒಲಿಂಪಿಕ್ಸಿಗೆ ಹೋದ ಮೊದಲ ತಂಡ ಅದು.

ಬೆಲ್ಜಿಯಂನ ಆಂಟ್ವರ್ಪ್ ನಗರದಲ್ಲಿ 1920ರ ಆಗಸ್ಟ್ 22ರಂದು ಮ್ಯಾರಥಾನ್ ನಡೆಯಿತು. ಅಂದಿನ ದೂರ 42.75 ಕಿಲೊಮೀಟರ್. ಒಲಿಂಪಿಕ್ಸಿನ ಮ್ಯಾರಥಾನ್‌ಗಳಲ್ಲಿ ಇಷ್ಟು ಉದ್ದದ್ದು ಇನ್ನೊಂದಿಲ್ಲ. ಫಿನ್ಲೆಂಡಿನ ಹಾನ್ನೆಸ್ ಕೊಲೆಮೈನೆನ್ 2 ಗಂಟೆ 32 ನಿಮಿಷ ಚಿಲ್ಲರೆಯಲ್ಲಿ ಗೆದ್ದ. ಚೌಗುಲೆ 2 ಗಂಟೆ 50 ನಿಮಿಷ ಚಿಲ್ಲರೆಯಲ್ಲಿ 19ನೆಯವನಾಗಿ ಮುಗಿಸಿದ. ಜೊತೆಗೆ ಹೊರಟಿದ್ದ ಸದಾಶಿವ ದಾತಾರ್ ಗುರಿ ಮುಟ್ಟಲಿಲ್ಲ. ಫಿನ್ಲೆಂಡಿನವರು ಹಿಮದ ನಾಡಿನಲ್ಲೇ ಹುಟ್ಟಿ ಬೆಳೆದವರು, ತರಬೇತಿಯನ್ನು ಒಂದು ಶಾಸ್ತ್ರವನ್ನಾಗಿ ಮಾಡಿಕೊಂಡವರು. ಅವರ ಪಕ್ಕದಲ್ಲಿ ಬೆಳಗಾವಿಯ ತರುಣನೊಬ್ಬ ಆ ದೂರವನ್ನು ಪೂರೈಸಿದ್ದೇ ದೊಡ್ಡ ಮಾತು.

ಒಂದು ಸಂಗತಿಯನ್ನು ಇಲ್ಲಿ ಜೋಡಿಸಿ ನೋಡಬೇಕು. ಆ ಓಟಕ್ಕೆ ಮೂರು ದಿನ ಮೊದಲು, ಆಗಸ್ಟ್ 19ರಂದು, ಗಾಂಧೀಜಿ ಮೊದಲ ಬಾರಿಗೆ ಮಂಗಳೂರಿಗೆ ಬಂದಿದ್ದರು. ಅಸಹಕಾರದ ಕರೆ ನಾಡಿನ ಕಿವಿಗೆ ಬೀಳುತ್ತಿದ್ದ ವಾರ ಅದು. ದೂರದ ಆಂಟ್ವರ್ಪ್‌ನಲ್ಲಿ ಬೆಳಗಾವಿಯವನೊಬ್ಬ ಓಡಿದ ಸುದ್ದಿಯನ್ನು ಊರೂರು ಕೊಂಡಾಡಲು ಆಗ ಯಾರಿಗೆ ಪುರುಸೊತ್ತಿತ್ತು? ಇಂದು ಮಂಗಳೂರಿನಲ್ಲಿ ಮ್ಯಾರಥಾನ್ ಓಡುವವರಲ್ಲೂ ಆ ಹೆಸರು ಬಲ್ಲವರು ಅಪರೂಪ.

ತಿರುಗಿದ ತಕ್ಕಡಿ

ಚೌಗುಲೆಯ ಓಟದಲ್ಲಿ ಗಮನಿಸಬೇಕಾದ ಅಂಶ ಇದು: ಅಂದು ನೆರವು ಬೇಕಾಗಿದ್ದದ್ದು ಓಟಗಾರನಿಗೆ. ಜನ ಕೊಟ್ಟರು, ಅವನು ಓಡಿದ. ಆರು ದಶಕಗಳ ಬಳಿಕ ಈ ತಕ್ಕಡಿ ತಿರುಗಿತು. ಓಟಗಾರ ಓಡತೊಡಗಿದ, ಅದನ್ನು ನೋಡಿ ಜನ ಇನ್ನೊಬ್ಬರಿಗೆ ಕೊಡತೊಡಗಿದರು.

ಇದಕ್ಕೆ ಮುಖ್ಯ ಕಾರಣ ಕೆನಡಾದ ಟೆರಿ ಫಾಕ್ಸ್ ಎಂಬ ತರುಣ. ಮೂಳೆಯ ಕ್ಯಾನ್ಸರಿನಿಂದ 1977ರಲ್ಲಿ ಅವನ ಬಲಗಾಲನ್ನು ಮೊಣಕಾಲಿನ ಮೇಲೆ ಕತ್ತರಿಸಬೇಕಾಯಿತು. ಆಸ್ಪತ್ರೆಯಲ್ಲಿ ಕಂಡ ಬೇರೆ ರೋಗಿಗಳ ನೋವು ಅವನನ್ನು ಬಿಡಲಿಲ್ಲ. ಕೃತಕ ಕಾಲು ಕಟ್ಟಿಕೊಂಡು ವರ್ಷಕ್ಕೂ ಹೆಚ್ಚು ಕಾಲ ಅಭ್ಯಾಸ ಮಾಡಿದ. 1980ರ ಏಪ್ರಿಲ್ 12ರಂದು ದೇಶದ ಪೂರ್ವದ ಅಂಚಿನ ಸೇಂಟ್ ಜಾನ್ಸ್‌ನಿಂದ ಪಶ್ಚಿಮಕ್ಕೆ ಹೊರಟ. ಮೊದಲ ದಿನಗಳಲ್ಲೇ ಬಿರುಗಾಳಿ, ಮಳೆ, ಹಿಮಪಾತ ಎದುರಾದವು. ದಿನವೂ ಹೆಚ್ಚುಕಡಿಮೆ ಒಂದು ಮ್ಯಾರಥಾನಿನಷ್ಟು ದೂರ. ಕ್ಯಾನ್ಸರ್ ಸಂಶೋಧನೆಗೆ ದೇಶದ ಪ್ರತಿಯೊಬ್ಬರಿಂದ ಒಂದೊಂದು ಡಾಲರ್ ಸಿಗಲಿ ಎಂಬುದು ಅವನ ಆಸೆ. 143 ದಿನಗಳಲ್ಲಿ 5,373 ಕಿಲೊಮೀಟರ್ ಓಡಿದ ಮೇಲೆ ರೋಗ ಶ್ವಾಸಕೋಶಕ್ಕೆ ಹರಡಿದ್ದು ತಿಳಿಯಿತು. ಓಟ ನಿಂತಿತು. 1981ರ ಜೂನ್‌ನಲ್ಲಿ ಅವನು ತೀರಿಕೊಂಡ. ಆಗ ಅವನ ಪ್ರಾಯ 22. ಅಷ್ಟರೊಳಗೆ ಸೇರಿದ ನಿಧಿ ಕೆನಡಾದ ಜನಸಂಖ್ಯೆಯ ಲೆಕ್ಕವನ್ನು ಮುಟ್ಟಿ, 2.4 ಕೋಟಿ ಡಾಲರ್ ದಾಟಿತ್ತು.

ಅದೇ 1981ರಲ್ಲಿ ಲಂಡನ್ ಮ್ಯಾರಥಾನ್ ಆರಂಭವಾಗಿ, ಮುಂದೆ ಸಹಾಯಾರ್ಥ ಓಟದ ಬಹುದೊಡ್ಡ ಜಾತ್ರೆಯಾಗಿ ಬೆಳೆಯಿತು. ಭಾರತದಲ್ಲಿ ಈ ಪದ್ಧತಿಗೆ ದಾರಿ ಮಾಡಿದ್ದು 2004ರಲ್ಲಿ ಆರಂಭವಾದ ಮುಂಬಯಿ ಮ್ಯಾರಥಾನ್. ನಮ್ಮ ಆರಂಭದ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಬಾಯಿಮಾತಿನಲ್ಲಿ ಕೇಳಿದರೆ ಜೇಬು ಬಿಚ್ಚದ ಜನ, ಕೇಳುವವನು ತಾನೇ ಕಷ್ಟ ಹೊತ್ತು ನಿಂತಾಗ ಬಿಚ್ಚುತ್ತಾರೆ. ಹರಕೆ ಹೊತ್ತು ಬೆಟ್ಟ ಹತ್ತುವವರ ನಾಡಿನಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅವರಿಗೆ ಹಿಮ, ನಮಗೆ ಮಳೆ

ಮ್ಯಾರಥಾನಿಗೆ ಅಣಿಯಾಗಲು ಸುಮಾರು ನಾಲ್ಕು ತಿಂಗಳು ಬೇಕು. ವಾರಕ್ಕೊಂದು ದೀರ್ಘ ಓಟ, ಅದನ್ನು ಮೆಲ್ಲಮೆಲ್ಲನೆ ಹಿಗ್ಗಿಸುತ್ತ 30 ಕಿಲೊಮೀಟರಿನ ಆಸುಪಾಸಿಗೆ ತರುವುದು ಕ್ರಮ. ಸ್ನಾಯುಗಳಲ್ಲೂ ಯಕೃತ್ತಿನಲ್ಲೂ ಕೂಡಿಟ್ಟ ಸಕ್ಕರೆಯ ಅಂಶ ಸಾಮಾನ್ಯವಾಗಿ ಅಷ್ಟು ದೂರಕ್ಕೇ ಖರ್ಚಾಗುತ್ತ ಬರುತ್ತದೆ. ಅಲ್ಲಿಂದಾಚೆ ದೇಹ ಕೊಬ್ಬನ್ನು ಹೆಚ್ಚು ಉರಿಸಿ ಸಾಗುವುದನ್ನು ಕಲಿತಿರಬೇಕು. ಅದನ್ನು ಕಲಿಸುವುದೇ ತರಬೇತಿ.

ಬಾಸ್ಟನ್, ಲಂಡನ್ ಓಟಗಳು ಏಪ್ರಿಲ್‌ನಲ್ಲಿ ನಡೆಯುತ್ತವೆ. ನಾಲ್ಕು ತಿಂಗಳು ಹಿಂದಕ್ಕೆ ಎಣಿಸಿದರೆ ಡಿಸೆಂಬರ್. ಹಾಗಾಗಿ ಅಲ್ಲಿಯವರಿಗೆ ಅಭ್ಯಾಸವೆಂದರೆ ಕತ್ತಲು, ಜಾರುವ ರಸ್ತೆ, ಮೊಣಕಾಲು ಮುಚ್ಚುವ ಹಿಮ. ಮಂಗಳೂರಿಗೆ ಆ ಪಾಡಿಲ್ಲ. ನಮ್ಮ ಚಳಿಗಾಲವೆಂದರೆ ಬೆಳಗಿನ ಇಬ್ಬನಿ, ಕಂಬಳದ ಕೋಣಗಳ ಉಸಿರಿನ ಹಬೆ. ಕೆಸರುಗದ್ದೆಯ ಬರಿಗಾಲ ಓಟಕ್ಕೆ ಅದೇ ಋತು. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿ ಲೋಕದ ಕಣ್ಣು ಇತ್ತ ತಿರುಗಿಸಿದ್ದನ್ನು ಓದುಗರು ಮರೆತಿರಲಾರರು. ಕೋಣಗಳ ವೇಗದ ನೆರವಿರುವ ಆ ಓಟವೇ ಬೇರೆ, ಸಪಾಟು ಟ್ರ್ಯಾಕಿನ ಓಟವೇ ಬೇರೆ ಎಂದು ಪ್ರಾಮಾಣಿಕವಾಗಿ ಹೇಳಿದವರೂ ಅವರೇ.

ಮಂಗಳೂರಿನ ಮ್ಯಾರಥಾನ್ ಈಚಿನ ವರ್ಷಗಳಲ್ಲಿ ನಡೆದಿರುವುದು ನವೆಂಬರಿನಲ್ಲಿ. ಅಲ್ಲಿಂದ ನಾಲ್ಕು ತಿಂಗಳು ಹಿಂದಕ್ಕೆ ಎಣಿಸಿದರೆ ಸಿಗುವುದು ಜುಲೈ, ತುಳುವರ ಆಟಿ ತಿಂಗಳ ಬಾಗಿಲು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಈ ಊರಿನಲ್ಲಿ ಅದರ ಬಹುಪಾಲು ಸುರಿಯುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹಾವಸೆ ಕಟ್ಟಿದ ಕಾಲುದಾರಿ, ನೀರು ತುಂಬಿ ಆಳ ತಿಳಿಯದ ಹೊಂಡ, ಒಣಗಲು ಎರಡು ದಿನ ಬೇಡುವ ಜೋಡು, ಇವು ನಮ್ಮ ಓಟಗಾರನ ಹಿಮ.

ಮಳೆ ಬಿಟ್ಟ ದಿನ ಇನ್ನೊಂದು ತೊಡಕು. ಓಡುವಾಗ ದೇಹ ವ್ಯಯಿಸುವ ಶಕ್ತಿಯ ಸುಮಾರು ಮುಕ್ಕಾಲು ಪಾಲು ಶಾಖವಾಗಿಯೇ ಹೊರಬೀಳುತ್ತದೆ. ಅದನ್ನು ಹೊರಹಾಕುವ ಮುಖ್ಯ ಉಪಾಯ ಬೆವರು. ಒಂದು ಲೀಟರ್ ಬೆವರು ಆವಿಯಾದರೆ ಸುಮಾರು 580 ಕಿಲೊಕ್ಯಾಲೊರಿ ಶಾಖ ಹೊರಟುಹೋಗುತ್ತದೆ. ಆದರೆ ಅದು ಆವಿಯಾಗಬೇಕು. ಕಡಲ ತೇವದಿಂದ ತುಂಬಿದ ಗಾಳಿಯಲ್ಲಿ ಬೆವರು ಆವಿಯಾಗದೆ ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆ. ನೀರು ಹೋಯಿತು, ಶಾಖ ಉಳಿಯಿತು. ಬಯಲುಸೀಮೆಯಲ್ಲಿ ಹಗುರವೆನಿಸುವ ದೂರ ಇಲ್ಲಿ ಭಾರವಾಗುವುದೇಕೆ, ಓಟಗಳು ಇಲ್ಲಿ ನಸುಕಿನಲ್ಲೇ ಹೊರಡುವುದೇಕೆ ಎಂಬುದಕ್ಕೆ ಇದೇ ಕಾರಣ. ಬಾವುಟಗುಡ್ಡೆ, ಕದ್ರಿಯ ಏರುಗಳು ಉಳಿದ ಪರೀಕ್ಷೆಯನ್ನು ಮುಗಿಸಿಕೊಡುತ್ತವೆ.

ಕಳೆಂಜ ಬರುವ ದಾರಿ

ಆಟಿ ಎಂದರೆ ನಮ್ಮ ಹಿರಿಯರಿಗೆ ಬರಗಾಲದ ತಿಂಗಳು. ಕಣಜ ಬರಿದು, ಗದ್ದೆಯ ಕೆಲಸವಿಲ್ಲ, ಕಡಲಿಗೆ ಇಳಿಯುವಂತಿಲ್ಲ, ಜ್ವರ ಮನೆಮನೆಗೆ. ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಪಾಲೆ ಮರದ ಕೆತ್ತೆಯನ್ನು ಕಲ್ಲಿನಿಂದ ಜಜ್ಜಿ ತಂದು ಕಹಿ ಕಷಾಯ ಕುಡಿಯುವುದು, ಮೇಲೆ ಮೆಂತೆ ಗಂಜಿ ಉಣ್ಣುವುದು ಆ ಕಾಲವನ್ನು ದಾಟುವ ಉಪಾಯ. ಅದೇ ತಿಂಗಳಲ್ಲಿ ಆಟಿ ಕಳೆಂಜ ಬರುತ್ತಾನೆ. ತೆಂಗಿನ ಎಳೆಯ ಗರಿಯ ಉಡುಗೆ, ತಲೆಗೆ ಹಾಳೆಯ ಟೋಪಿ, ಕೈಯಲ್ಲಿ ತಾಳೆಗರಿಯ ಕೊಡೆ. ನಲಿಕೆಯವರು ಕಟ್ಟುವ ಈ ವೇಷ ಮಳೆಯಲ್ಲೇ ಊರೆಲ್ಲ ಸುತ್ತಿ, ಅಂಗಳದಲ್ಲಿ ಕುಣಿದು, ಮಾರಿ ಕಳೆಯುತ್ತದೆ. ಮನೆಯವರು ಗೆರಸೆಯಲ್ಲಿ ಅಕ್ಕಿ, ತೆಂಗಿನಕಾಯಿ, ಹುಣಸೆ, ಉಪ್ಪು, ಮೆಣಸು ಇಟ್ಟು ಕೊಡುತ್ತಾರೆ.

ಇದನ್ನು ಬರೀ ನಂಬಿಕೆಯೆಂದು ಬದಿಗಿಡುವುದು ಸುಲಭ. ಆದರೆ ಅದರೊಳಗಿನ ಲೆಕ್ಕವನ್ನು ನೋಡಬೇಕು. ಮಳೆಯಲ್ಲಿ ನೆನೆದು ಬಂದವನು ಊರಿನ ಕಷ್ಟವನ್ನು ಹೊತ್ತೊಯ್ಯುತ್ತಾನೆ. ಊರು ಅವನ ಮನೆಯ ಒಲೆ ಆರದಂತೆ ನೋಡಿಕೊಳ್ಳುತ್ತದೆ. ಜಾತಿಯ ಮೇಲುಕೀಳು ಆ ವ್ಯವಸ್ಥೆಯಲ್ಲಿ ಇದ್ದೇ ಇತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೂ ಕೊಡುವವನು ಪಡೆಯುವವನ ಮುಖ ನೋಡುತ್ತಿದ್ದ, ಅವನ ಹೆಸರು ಬಲ್ಲವನಾಗಿದ್ದ. ಸಹಾಯಾರ್ಥ ಆಟದಲ್ಲೂ ಹೀಗೆಯೇ. ಯಾವ ಶಾಲೆ, ಯಾವ ಕಲಾವಿದ ಎಂಬುದು ಟಿಕೇಟು ಕೊಂಡವರಿಗೆ ಗೊತ್ತಿರುತ್ತಿತ್ತು.

ಇಂದಿನ ಓಟಕ್ಕೆ ಕೇಳಬೇಕಾದ ಪ್ರಶ್ನೆಯೂ ಅದೇ. ಪ್ರವೇಶ ಶುಲ್ಕದಲ್ಲಿ ಅಂಗಿಗೆ, ಪದಕಕ್ಕೆ, ಚಪ್ಪರಕ್ಕೆ ಹೋದದ್ದೆಷ್ಟು, ಹೆಸರು ಹೇಳಿದ ಕಾರಣಕ್ಕೆ ಉಳಿದದ್ದೆಷ್ಟು? ಅದನ್ನು ಓಡಿದವರಿಗೆ ತಿಳಿಸಿದರೆ ‘ಸಹಾಯಾರ್ಥ’ ಎಂಬ ಪದಕ್ಕೆ ಮರ್ಯಾದೆ ಉಳಿಯುತ್ತದೆ. ಇನ್ನೊಂದು ಮಾತು. ಓಡುವವರೆಲ್ಲ ಬೆಲೆಬಾಳುವ ಜೋಡು ಕೊಳ್ಳಬಲ್ಲವರೇ ಆಗಿ, ಬರಿಗಾಲಿನ ಹುಡುಗ ಹುಡುಗಿಯರು ನೀರಿನ ಲೋಟ ಹಿಡಿದು ರಸ್ತೆಬದಿ ನಿಲ್ಲುವವರಷ್ಟೇ ಆದರೆ, ತಕ್ಕಡಿ ತಿರುಗಿದ್ದರಿಂದ ಬಂದ ಲಾಭವೇನು? ಸಂಗ್ರಹವಾದ ನಿಧಿಯ ಒಂದು ಪಾಲು ಹಳ್ಳಿಯ ಶಾಲೆಗಳಲ್ಲಿ ಬರಿಗಾಲಲ್ಲಿ ಓಡುತ್ತಿರುವ ಮಕ್ಕಳ ಜೋಡಿಗೆ, ಊಟಕ್ಕೆ, ತರಬೇತಿಗೆ ಹೋಗಬೇಕು.

1920ರಲ್ಲಿ ಹೊಲದ ಹುಡುಗರ ಓಟ ಕಂಡು ಒಬ್ಬರು ಯೋಚಿಸಿದರು, ಹಲವರು ಕೈಲಾದಷ್ಟು ಕೊಟ್ಟರು. ಅದರಿಂದ ಬೆಳಗಾವಿಯ ಫಡೆಪ್ಪ ಆಂಟ್ವರ್ಪ್‌ವರೆಗೆ ಹೋಗಿ ಓಡಿದ. ಮುಂದಿನ ಚೌಗುಲೆ ಈ ಹೊತ್ತು ಮಳೆಯಲ್ಲಿ ಚೀಲ ತಲೆಯ ಮೇಲಿಟ್ಟುಕೊಂಡು ಶಾಲೆಗೆ ಓಡುತ್ತಿರಬಹುದು.