ಆಳದ ಲೆಕ್ಕ: ಲಗೂನಾ ಮಾದ್ರೆಯ ಚಳಿಗಾಲದ ಗಾಳ

ಅಮೆರಿಕದ ಟೆಕ್ಸಾಸ್ ರಾಜ್ಯದ ದಕ್ಷಿಣ ಕರಾವಳಿಯಲ್ಲಿ, ಪಾದ್ರೆ ದ್ವೀಪಕ್ಕೂ ಒಳನಾಡಿಗೂ ನಡುವೆ, ಉತ್ತರ ದಕ್ಷಿಣವಾಗಿ ಚಾಚಿಕೊಂಡಿರುವ ಉಪ್ಪುನೀರಿನ ಲಗೂನ್ ಲಗೂನಾ ಮಾದ್ರೆ. ಸರಾಸರಿ ಆಳ ಸುಮಾರು ಒಂದು ಮೀಟರ್ ಮಾತ್ರ. ಬಂದು ಸೇರುವ ಸಿಹಿನೀರು ಕಡಿಮೆ, ಆವಿಯಾಗಿ ಹೋಗುವುದು ಹೆಚ್ಚು. ಹೀಗಾಗಿ ಇಲ್ಲಿನ ಉಪ್ಪು ಎಷ್ಟೋ ವರ್ಷ ಹೊರಗಿನ ಕಡಲಿನ ಉಪ್ಪನ್ನೂ ಮೀರುತ್ತದೆ. ಚಳಿಗಾಲದಲ್ಲಿ ಸೊಂಟಮಟ್ಟದ ನೀರಿಗಿಳಿದು ಗಾಳ ಎಸೆಯುವವರು ಇಲ್ಲಿ ಮುಖ್ಯವಾಗಿ ಹುಡುಕುವುದು ಚುಕ್ಕೆ ಸೀಟ್ರೌಟ್ ಮೀನನ್ನು. ಹೆಸರಿನಲ್ಲಿ ಟ್ರೌಟ್ ಇದ್ದರೂ ಅದು ಬೆಟ್ಟದ ತೊರೆಗಳ ಟ್ರೌಟಿನ ಬಳಗದ್ದಲ್ಲ, ಡ್ರಮ್ ಮೀನುಗಳ ಕುಟುಂಬಕ್ಕೆ ಸೇರಿದ್ದು. ಚಳಿ ಹೆಚ್ಚಾದರೆ ಕಾಲುವೆಯ ಅಂಚು ಹಿಡಿ, ಬಿಸಿಲೇರಿದರೆ ಕಪ್ಪು ಕೆಸರಿನ ಮೇಲೆ ನಿಲ್ಲು ಎಂಬ ನಿಯಮ ಅವರಲ್ಲಿ ಚಾಲ್ತಿಯಲ್ಲಿದೆ. ಈ ನಿಯಮದ ಭೌತಿಕ ಆಧಾರವೇನು, ಶೀತಗಾಳಿಯಲ್ಲಿ ಮೀನುಗಳು ಸಾಮೂಹಿಕವಾಗಿ ಸಾಯುವುದಕ್ಕೂ ಅದಕ್ಕೂ ಇರುವ ನಂಟೇನು ಎಂಬುದು ಈ ಟಿಪ್ಪಣಿಯ ವಿಷಯ.

ಲಗೂನಿನ ಬಹುಭಾಗದಲ್ಲಿ ಉಬ್ಬರವಿಳಿತದ ವ್ಯತ್ಯಾಸ ಕೆಲವೇ ಸೆಂಟಿಮೀಟರ್. ನೀರಿನ ಮಟ್ಟವನ್ನು ನಿರ್ಧರಿಸುವುದು ಗಾಳಿ. ಚಳಿಗಾಲದಲ್ಲಿ ಮೆಕ್ಸಿಕೋ ಕೊಲ್ಲಿಯ ಮಟ್ಟವೇ ತಗ್ಗಿರುತ್ತದೆ. ಅದರ ಮೇಲೆ, ಸ್ಥಳೀಯರು ನಾರ್ದರ್ ಎನ್ನುವ ಬಡಗಣ ಶೀತಗಾಳಿ ಬೀಸಿತೆಂದರೆ ಲಗೂನಿನ ಉದ್ದಕ್ಕೂ ನೀರು ದಕ್ಷಿಣಕ್ಕೆ ಸರಿದು, ಉತ್ತರದ ತುದಿಯ ಕಡಲಹುಲ್ಲಿನ ಬಯಲುಗಳು ಇನ್ನಷ್ಟು ತೆಳುವಾಗುತ್ತವೆ. ನೀರು ಬೇಗ ತಣಿಯುವ ಹೊತ್ತಿನಲ್ಲೇ ಅದರ ಆಳವೂ ಕಡಿಮೆಯಾಗುತ್ತದೆ.

ಒಂದು ಸರಳ ಲೆಕ್ಕ ಹಾಕಬಹುದು. ಮೋಡ ಮುಚ್ಚಿ ಗಾಳಿ ಬೀಸುವ ದಿನ ಪ್ರತಿ ಚದರ ಮೀಟರ್ ನೀರಿನಿಂದ ಸೆಕೆಂಡಿಗೆ 200 ಜೂಲ್ ಶಾಖ ಹೊರಹೋಗುತ್ತದೆಂದು ಇಟ್ಟುಕೊಳ್ಳೋಣ. ಅರ್ಧ ಮೀಟರ್ ಆಳದ ಬಯಲು 24 ಗಂಟೆಯಲ್ಲಿ ಸುಮಾರು 8 ಡಿಗ್ರಿ ಸೆಲ್ಸಿಯಸ್ ತಣಿಯುತ್ತದೆ. ಒಂದು ಮೀಟರ್ ನೀರು 4 ಡಿಗ್ರಿ ಇಳಿಯುತ್ತದೆ. 3.6 ಮೀಟರ್ ಆಳದ ಕಾಲುವೆ ಒಂದು ಡಿಗ್ರಿಗಿಂತ ತುಸು ಹೆಚ್ಚು ಇಳಿದರೆ ಹೆಚ್ಚು. ನೀರಿನ ಮಿಶ್ರಣವನ್ನು ನಾನಿಲ್ಲಿ ಗಣಿಸಿಲ್ಲ, 200ರ ಅಂಕಿಯೂ ಊಹೆಯದು. ಆದರೆ ಅನುಪಾತ ಬದಲಾಗದು. ಮುಂಜಾನೆ 12 ಡಿಗ್ರಿಯ ಬಯಲಿನಲ್ಲಿದ್ದ ಮೀನು ಮಾರನೆಯ ಮುಂಜಾನೆಯವರೆಗೂ ಅಲ್ಲೇ ಉಳಿದರೆ 4 ಡಿಗ್ರಿಯ ನೀರಿನಲ್ಲಿರುತ್ತದೆ. ಸೀಟ್ರೌಟ್ 7 ಡಿಗ್ರಿಯ ಆಸುಪಾಸಿನಲ್ಲೇ ಮಂಕಾಗುತ್ತದೆ, ಅದಕ್ಕಿಂತ ಕೆಳಗಿನ ಚಳಿ ದಿನಗಟ್ಟಲೆ ಹಿಡಿದರೆ ಬದುಕುವುದು ಕಷ್ಟ. ಹಾಗಾಗಿ ಎಷ್ಟು ಚಳಿ ಎಂಬುದರಷ್ಟೇ ಎಷ್ಟು ಬೇಗ ಬಂತು, ಆಳದ ನೀರು ಎಷ್ಟು ದೂರ ಎಂಬುದೂ ಮುಖ್ಯ.

ಇದೇ ಲೆಕ್ಕವನ್ನು ತಿರುಗಿಸಿದರೆ ಕಪ್ಪು ಕೆಸರಿನ ನಿಯಮ ಸಿಗುತ್ತದೆ. ಬೇಗ ತಣಿಯುವ ನೀರು ಬೇಗ ಕಾಯುತ್ತದೆ, ತಳ ಕಪ್ಪಾಗಿದ್ದರೆ ಬಿಸಿಲನ್ನು ಇನ್ನಷ್ಟು ಹೀರುತ್ತದೆ. ಗಾಳಿ ನಿಂತ ಎರಡು ಮೂರು ದಿನಗಳಲ್ಲಿ, ಮಧ್ಯಾಹ್ನದ ನಂತರ, ಮೀನು ಕಾಲುವೆಯಿಂದ ಮೇಲೇರುತ್ತದೆ. ಮಲೆಟ್ ಮೀನುಗಳ ಹಿಂಡು ಎಲ್ಲಿದೆಯೋ ಅಲ್ಲಿಗೆ ಎನ್ನುವುದು ಇನ್ನೂ ಸರಿ, ಏಕೆಂದರೆ ಸಿಗಡಿಗಳಲ್ಲಿ ಬಹುಪಾಲು ಶರತ್ಕಾಲದಲ್ಲೇ ಕೊಲ್ಲಿಗೆ ಹೊರಟುಹೋಗಿರುತ್ತವೆ. ತಣ್ಣೀರಿನಲ್ಲಿ ಜೀರ್ಣಕ್ರಿಯೆ ನಿಧಾನ, ದೊಡ್ಡದೊಂದು ಮಲೆಟ್ ನುಂಗಿದ ಸೀಟ್ರೌಟಿಗೆ ಮತ್ತೆ ಬೇಟೆಯ ಅವಸರವಿಲ್ಲ. ಗಾಳದವರು ನಿಧಾನವಾಗಿ ಮುಳುಗುವ ಹುಸಿ ಎರೆಯನ್ನು ಅಷ್ಟೇ ನಿಧಾನವಾಗಿ ಎಳೆಯುವುದಕ್ಕೆ ಇದಕ್ಕಿಂತ ಬೇರೆ ಗುಟ್ಟು ಬೇಕಿಲ್ಲ.

ದೊಡ್ಡ ಮೀನು ಚಳಿಗಾಲದ್ದೇ ಎಂಬ ಜನಪ್ರಿಯ ನಂಬಿಕೆಯನ್ನು ಮಾತ್ರ ಸಂಶಯದಿಂದ ನೋಡಬೇಕು. 1996ರ ಫೆಬ್ರವರಿಯಲ್ಲಿ ಲಗೂನಿಗೆ ಸೇರಿಕೊಂಡಿರುವ ಬ್ಯಾಫಿನ್ ಕೊಲ್ಲಿಯಲ್ಲಿ ಸಿಕ್ಕ ಸುಮಾರು 6.2 ಕಿಲೋ ಸೀಟ್ರೌಟ್ ರಾಜ್ಯದ ದಾಖಲೆಯಾಗಿದ್ದು ನಿಜ. ಅದನ್ನು ಮುರಿದ ಸುಮಾರು 7 ಕಿಲೋ ಮೀನು ಕೆಳ ಲಗೂನಿನಲ್ಲಿ ಸಿಕ್ಕಿದ್ದು 2002ರ ಮೇ ತಿಂಗಳಲ್ಲಿ. ಚಳಿಗಾಲವು ಮೀನನ್ನು ಒಂದೆಡೆ ಗುಂಪುಗೂಡಿಸುತ್ತದೆ ಎನ್ನುವಷ್ಟಕ್ಕೆ ನಿಲ್ಲುವುದು ಕ್ಷೇಮ.

ಗುಂಪುಗೂಡುವುದರ ಇನ್ನೊಂದು ಮುಖ ಸಾವು. ಜೀವವಿಜ್ಞಾನಿ ಗಾರ್ಡನ್ ಗುಂಟರ್ 1940ರ ಜನವರಿಯ ಶೀತದಲ್ಲಿ ಟೆಕ್ಸಾಸ್ ತೀರದಲ್ಲಿ ಸತ್ತ ಮೀನುಗಳ ಬಗ್ಗೆ ಬರೆದರು. 1951ರ ಶೀತದ ಅಧ್ಯಯನದಲ್ಲಿ ಅವರೊಡನೆ ಹೆನ್ರಿ ಹಿಲ್ಡೆಬ್ರಾಂಡ್ ಇದ್ದರು. ಮುಂದೆ ರಾಜ್ಯದ ಅಂದಾಜಿನಂತೆ ಟೆಕ್ಸಾಸ್ ಕರಾವಳಿಯಲ್ಲಿ 1983ರ ಡಿಸೆಂಬರಿನಲ್ಲಿ ಸುಮಾರು 1.4 ಕೋಟಿ, 1989ರ ಫೆಬ್ರವರಿಯಲ್ಲಿ 1.1 ಕೋಟಿ, ಅದೇ ವರ್ಷದ ಡಿಸೆಂಬರಿನಲ್ಲಿ 60 ಲಕ್ಷ ಮೀನು ಸತ್ತವು. 2021ರ ಫೆಬ್ರವರಿಯ ಅಂದಾಜು ಕನಿಷ್ಠ 38 ಲಕ್ಷ, 61 ಜಾತಿ. ಇವುಗಳಲ್ಲಿ ಶೇ. 91 ಗಾಳದವರು ಬೆನ್ನಟ್ಟದ ಮೀನುಗಳು, ಅಂದರೆ ಬಹುಪಾಲು ದೊಡ್ಡ ಮೀನಿನ ಆಹಾರ. ಉಳಿದ ಆಟದ ಮೀನುಗಳಲ್ಲಿ ಹೆಚ್ಚುಕಡಿಮೆ ಅರ್ಧ ಸೀಟ್ರೌಟ್. ಇಂಥ ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸುವಾಗ ಎಚ್ಚರ ಬೇಕು. ತಣ್ಣೀರಿನಲ್ಲಿ ಸತ್ತ ಮೀನು ಹಲವೊಮ್ಮೆ ಮುಳುಗುತ್ತದೆ, ಕಣ್ಣಿಗೆ ಬಿದ್ದದ್ದೇ ಎಣಿಕೆಗೆ ಬರುತ್ತದೆ.

ಮೀನು ಆಶ್ರಯ ಪಡೆಯುವ ಆಳದ ಕಾಲುವೆಯಾದರೋ ನಿಸರ್ಗದ್ದಲ್ಲ. ಸರಕು ಬಾರ್ಜ್‌ಗಳಿಗಾಗಿ ತೋಡಿದ ಇಂಟ್ರಾಕೋಸ್ಟಲ್ ಕಾಲುವೆ 1949ರಲ್ಲಿ ಲಗೂನಿನ ಎರಡು ಭಾಗಗಳನ್ನು ಸೇರಿಸಿತು. ಅದರಿಂದ ನೀರಿನ ಓಡಾಟ ಹೆಚ್ಚಿ ಉಪ್ಪಿನ ಉಗ್ರತೆ ತಗ್ಗಿತು, ಜೊತೆಗೆ ಮೀನಿಗೆ ಅಡಗುದಾಣವೂ ಸಿಕ್ಕಿತು. ಆದರೆ ಬಾರ್ಜ್ ಹಾದಾಗ ಮರಗಟ್ಟಿದ ಮೀನು ನೀರಿನೊಡನೆ ಮೇಲೆದ್ದು ಚೆದುರುತ್ತದೆ. ಅದಕ್ಕೇ ನೀರು ಸುಮಾರು 4 ಡಿಗ್ರಿಗೆ ಇಳಿದಾಗ ಬಾರ್ಜ್ ಸಂಸ್ಥೆಗಳು ತಾವಾಗಿಯೇ ಸಂಚಾರ ನಿಲ್ಲಿಸುವ ಏರ್ಪಾಡು ಬಂದಿದೆ. ಆಳದ ಬಂದರು, ಕಾಲುವೆಗಳಲ್ಲಿ ಶೀತ ಇರುವಷ್ಟು ದಿನ ಗಾಳವನ್ನು ನಿಷೇಧಿಸುವ ಅಧಿಕಾರ ರಾಜ್ಯದ ಇಲಾಖೆಗಿದೆ, 2024ರ ಜನವರಿಯಲ್ಲಿ ಅದನ್ನು ಬಳಸಲಾಯಿತು. 12 ಡಿಗ್ರಿಯಲ್ಲಿ ಅನುಭವಿ ತೋರಿಸುವ ಜಾಗವೇ 4 ಡಿಗ್ರಿಯಲ್ಲಿ ನಿಷೇಧದ ಪಟ್ಟಿಯಲ್ಲಿರುತ್ತದೆ. ನಿಷೇಧ ನನಗೆ ನ್ಯಾಯವಾಗಿ ಕಾಣುತ್ತದೆ. ಓಡಲಾಗದ ಮೀನನ್ನು ಎತ್ತಿಕೊಳ್ಳುವುದು ಗಾಳದ ಕೌಶಲವಲ್ಲ.

ಡ್ರಮ್ ಕುಟುಂಬದ್ದೇ ಆದ ರೆಡ್ ಡ್ರಮ್ ಮೀನು ಇದೇ ನೀರಿನಲ್ಲಿದ್ದೂ ಸೀಟ್ರೌಟಿನಷ್ಟು ಪೆಟ್ಟು ತಿನ್ನುವುದಿಲ್ಲ. ಅದು ಹೆಚ್ಚು ಚಳಿ ತಡೆಯುತ್ತದೆ. ಇನ್ನೊಂದು ಕಾರಣ, ಮೊಟ್ಟೆಯಿಡುವ ವಯಸ್ಸಿನ ರೆಡ್ ಡ್ರಮ್‌ಗಳು ಬಹುಪಾಲು ಕೊಲ್ಲಿಗೆ ಹೊರಟುಹೋಗಿರುತ್ತವೆ. ಲಗೂನಿನ ಶೀತ ಮುಟ್ಟುವುದು ಮರಿಗಳನ್ನು. ಸೀಟ್ರೌಟ್ ಹುಟ್ಟುವುದೂ ಮೊಟ್ಟೆಯಿಡುವುದೂ ಸಾಮಾನ್ಯವಾಗಿ ಲಗೂನಿನೊಳಗೇ, ಹೊರಗೆ ಮೀಸಲು ಸಂತತಿಯೆಂಬುದಿಲ್ಲ. ದೊಡ್ಡ ಸೀಟ್ರೌಟ್‌ಗಳಲ್ಲಿ ಹೆಚ್ಚಿನವು ಹೆಣ್ಣು. 2021ರ ಏಪ್ರಿಲ್ 1ರಿಂದ ಲಗೂನಾ ಮಾದ್ರೆಯಲ್ಲಿ ದಿನಕ್ಕೆ ಮೂರೇ ಸೀಟ್ರೌಟ್, ಅದೂ 17ರಿಂದ 23 ಇಂಚಿನೊಳಗಿನವು ಎಂಬ ತುರ್ತು ನಿಯಮ ಬಂದಾಗ ಮೇಲಿನ ಮಿತಿ ಕಾಪಾಡಿದ್ದು ಚಳಿಯನ್ನು ದಾಟಿ ಉಳಿದ ಈ ಹೆಣ್ಣುಗಳನ್ನು.