ಹೊಗೆ ಹೋಗುವ ದಾರಿ

ಮನೆ ಬೆಚ್ಚಗಿಡುವ ಸೌದೆ ಒಲೆ ಕೊಳ್ಳಲು ಹೋದವರ ಕಣ್ಣೆಲ್ಲ ಒಲೆಯ ಮೇಲೇ. ಎರಕದ ಕಬ್ಬಿಣದ ಮೈ, ಗಾಜಿನ ಬಾಗಿಲು, ಒಳಗೆ ಕುಣಿಯುವ ಉರಿ. ಕೊಳವೆಯ ಮಾತು ಬರುವುದು ಬಿಲ್ ಬರೆಸುವಾಗ. ಆದರೆ ಉರಿಯನ್ನು ನಡೆಸುವುದು ಕೊಳವೆಯೇ. ಒಳಗಿನ ಬಿಸಿ ಹೊಗೆ ಹೊರಗಿನ ತಣ್ಣನೆ ಗಾಳಿಗಿಂತ ಹಗುರ. ಅದು ಮೇಲೇರಿದಂತೆ ಒಲೆಯ ಬಾಯಿಂದ ಹೊಸ ಗಾಳಿ ಒಳನುಗ್ಗುತ್ತದೆ. ಕೊಳವೆ ಎತ್ತರವಾದಷ್ಟೂ ಬಿಸಿಯಾಗಿದ್ದಷ್ಟೂ ಈ ಸೆಳೆತ ಜೋರು. ಈ ವಿದ್ಯೆಯ ಇತಿಹಾಸ ಓದಿದರೆ ಒಂದು ಸಂಗತಿ ಮತ್ತೆ ಮತ್ತೆ ಕಾಣುತ್ತದೆ: ಒಲೆಯನ್ನು ಜಾಣಗೊಳಿಸಲು ಹೊರಟಾಗಲೆಲ್ಲ ಕೊಳವೆ ತಿರುಗಿಬಿದ್ದಿದೆ.

ಯುರೋಪಿನಲ್ಲಿ ಗೋಡೆಯೊಳಗೆ ಹೊಗೆಗೂಡು ಕಟ್ಟುವ ಪದ್ಧತಿ ಕಾಣಿಸಿಕೊಂಡದ್ದು 12ನೇ ಶತಮಾನದ ಹೊತ್ತಿಗೆ. ಅದಕ್ಕೆ ಮೊದಲು ಬೆಂಕಿ ಹಜಾರದ ನಡುವೆ ಉರಿಯುತ್ತಿತ್ತು, ಹೊಗೆ ಮಾಡಿನ ಸಂದಿಯಲ್ಲಿ ಹೋಗುತ್ತಿತ್ತು. 1666ರ ಬೆಂಕಿಗೆ ಲಂಡನ್ ಸುಟ್ಟುಹೋದ ಮೇಲೆ ಮನೆಗಳನ್ನು ಇಟ್ಟಿಗೆ ಇಲ್ಲವೇ ಕಲ್ಲಿನಲ್ಲೇ ಕಟ್ಟಬೇಕೆಂಬ ಕಾಯ್ದೆ ಬಂತು. ಕಲ್ಲಿದ್ದಲು ಹೆಚ್ಚಿದಂತೆ ಗೂಡುಗಳು ಕಿರಿದಾದವು, ಅಂಕುಡೊಂಕಾದವು. ಮಸಿ ಕೆರೆಯಲು ಚಿಕ್ಕ ಹುಡುಗರನ್ನು ಹತ್ತಿಸಿದರು. ಆ ಹುಡುಗರು ದೊಡ್ಡವರಾದಾಗ ಅವರ ವೃಷಣಕೋಶಕ್ಕೆ ಬರುತ್ತಿದ್ದ ಕ್ಯಾನ್ಸರಿಗೆ ಮಸಿಯೇ ಕಾರಣವೆಂದು ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1775ರಲ್ಲಿ ಬರೆದ. ಕೆಲಸದಿಂದಲೇ ಬರುವ ಕ್ಯಾನ್ಸರನ್ನು ಗುರುತಿಸಿದ ಮೊದಲ ಬರಹಗಳಲ್ಲಿ ಅದೂ ಒಂದು. ಹುಡುಗರನ್ನು ಹತ್ತಿಸುವುದು ನಿಜಕ್ಕೂ ನಿಂತದ್ದು ಮಾತ್ರ 1875ರ ಕಾಯ್ದೆಯ ನಂತರ. ಒಂದು ನೂರು ವರ್ಷ!

ಒಲೆಯ ಕಡೆಯಿಂದ ಕೈ ಹಾಕಿದವರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಪ್ರಸಿದ್ಧ. 1740ರ ದಶಕದಲ್ಲಿ ಅವನು ರೂಪಿಸಿದ ಒಲೆಯಲ್ಲಿ ಹೊಗೆ ಮೊದಲು ಕೆಳಗಿಳಿದು, ಶಾಖವನ್ನು ಕೋಣೆಗೆ ಬಿಟ್ಟು, ಆಮೇಲೆ ಮೇಲೇರಬೇಕಿತ್ತು. ಲೆಕ್ಕ ಚೆನ್ನಾಗಿತ್ತು. ಆದರೆ ಶಾಖ ಕಳೆದುಕೊಂಡ ಹೊಗೆಗೆ ಮೇಲೇರುವ ಬಲವೇ ಉಳಿಯಲಿಲ್ಲ. ಅದು ಕೋಣೆಗೇ ಮರಳಿತು. ಮುಂದೆ ಡೇವಿಡ್ ರಿಟನ್‌ಹೌಸ್ ನೇರವಾಗಿ ಮೇಲೆ ಹೋಗುವ ಕೊಳವೆ ಜೋಡಿಸಿದ ಮೇಲೆಯೇ ಆ ಒಲೆ ಜನರ ಕೈ ಹತ್ತಿದ್ದು. 1796ರಲ್ಲಿ ಕೌಂಟ್ ರಮ್‌ಫೋರ್ಡ್ ಇನ್ನೊಂದು ತುದಿಯಿಂದ ಹೊರಟ. ಉರಿಯ ತಂಟೆಗೆ ಹೋಗದೆ, ಅಗ್ಗಿಷ್ಟಿಕೆಯ ಮೇಲಿನ ಗಂಟಲನ್ನು ಸುಮಾರು 4 ಅಂಗುಲಕ್ಕೆ ಕಿರಿದು ಮಾಡಿ, ಪಕ್ಕದ ಗೋಡೆಗಳನ್ನು ಓರೆಯಾಗಿಸಿದ. ಲಂಡನ್ನಿನ ಸಿರಿವಂತರು ಮುಗಿಬಿದ್ದು ಮನೆಯ ಅಗ್ಗಿಷ್ಟಿಕೆ ತಿದ್ದಿಸಿಕೊಂಡರು. ನನ್ನ ಕಣ್ಣಿಗೆ ಇಬ್ಬರಲ್ಲಿ ದೊಡ್ಡವನು ರಮ್‌ಫೋರ್ಡೇ.

ಹಳೆಯ ಹೊಗೆಗೂಡುಗಳ ಒಳಮೈಗೆ ಇಂಗ್ಲೆಂಡಿನಲ್ಲೂ ಸುಣ್ಣದ ಗಾರೆಗೆ ಸೆಗಣಿ ಕಲಸಿ ಬಳಿಯುತ್ತಿದ್ದರು. ಹೊಗೆಯ ಆಮ್ಲ ಅದನ್ನು ತಿಂದುಹಾಕಿ, ಬಿರುಕುಗಳಲ್ಲಿ ಹೊಗೆ ಮಹಡಿಯ ಕೋಣೆಗಳಿಗೆ ನುಸುಳುತ್ತಿತ್ತು. ಹೊಸ ಹೊಗೆಗೂಡಿಗೆ ಒಳಕೊಳವೆ ಇರಲೇಬೇಕೆಂಬ ನಿಯಮ ಅಲ್ಲಿ ಬಂದದ್ದು 1965ರ ಕಟ್ಟಡ ನಿಯಮಾವಳಿಯಲ್ಲಿ. ಹಳೆಯ ಗೂಡಿನೊಳಗೆ ಬಾಗುವ ಸ್ಟೇನ್‌ಲೆಸ್ ಸ್ಟೀಲ್ ಕೊಳವೆ ಇಳಿಬಿಡುವುದು ಈಗ ಮಾಮೂಲು.

1973ರ ತೈಲ ಬಿಕ್ಕಟ್ಟು ಅಮೆರಿಕವನ್ನು ಮತ್ತೆ ಸೌದೆಗೆ ತಳ್ಳಿತು. ಗಾಳಿ ಬಿಗಿಹಿಡಿದು ರಾತ್ರಿಯಿಡೀ ಕನಲುವ ಒಲೆಗಳು ಮಾರುಕಟ್ಟೆಗೆ ಬಂದವು. ಫ್ರಾಂಕ್ಲಿನ್ ಕಾಲದ ತಪ್ಪೇ ಹೊಸ ವೇಷದಲ್ಲಿ ಬಂದಂತಾಯಿತು. ತಣ್ಣಗಾದ, ಅರೆಬೆಂದ ಹೊಗೆ ಕೊಳವೆಯ ಗೋಡೆಗೆ ಕ್ರಿಯೋಸೋಟ್ ಎಂಬ ಟಾರಿನಂಥ ಅಂಟನ್ನು ಮೆತ್ತಿತು. ಒಂದು ದಿನ ಉರಿ ಜೋರಾದರೆ ಆ ಅಂಟಿಗೇ ಬೆಂಕಿ. ಅದಕ್ಕಾಗಿಯೇ ಕಾರ್ಖಾನೆಯಲ್ಲಿ ತಯಾರಾಗುವ, ನಡುವೆ ಶಾಖ ತಡೆಯುವ ಪದರವಿರುವ ಜೋಡಿಗೋಡೆ ಕೊಳವೆಯನ್ನು ಅಲ್ಲಿ ಸುಮಾರು 1150 ಡಿಗ್ರಿ ಸೆಲ್ಸಿಯಸ್ ಬಿಸಿಗೆ 10 ನಿಮಿಷದಂತೆ ಒಡ್ಡಿ ಪರೀಕ್ಷಿಸುತ್ತಾರೆ. ಈ ಪದರದ ಇನ್ನೊಂದು ಉಪಕಾರವೆಂದರೆ ಹೊಗೆ ದಾರಿಯಲ್ಲಿ ತಣಿಯುವುದಿಲ್ಲ. 1988ರಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಒಲೆ ಬಿಡುವ ಹೊಗೆಕಣಗಳಿಗೂ ಮಿತಿ ಹಾಕಿತು.

ನಮ್ಮ ನಾಡಿನಲ್ಲಿ ಇದೇ ಪಾಠ ಅಡುಗೆಮನೆಯಲ್ಲಿ ನಡೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಕಟ್ಟಿದ ‘ಅಸ್ತ್ರ’ ಕೇಂದ್ರ, 80ರ ದಶಕದ ಆರಂಭಕ್ಕೆ ಮೂರು ಪಾತ್ರೆ ಕೂರುವ, ಚಿಮಣಿಯಿದ್ದ ಮಣ್ಣಿನ ಒಲೆ ರೂಪಿಸಿತು. ಶಾಖದ ಶೇ. 40ರಷ್ಟನ್ನು ಪಾತ್ರೆಗೆ ಮುಟ್ಟಿಸಿದ ಒಲೆ ಅದು. ಮಾಡಿಗೆ ಇಲ್ಲಣ ಕಟ್ಟುವುದು ತಪ್ಪಿತು. ಆದರೆ ಅದೇ ಮಸಿ ಕೊಳವೆಯೊಳಗೆ ಕೂರತೊಡಗಿತು. ಆಗಾಗ ಕೆರೆಯದಿದ್ದರೆ ಒಲೆ ಮೊದಲಿನಂತೆಯೇ ಹೊಗೆ ಕಾರುತ್ತದೆ. 1983ರಲ್ಲಿ ಶುರುವಾದ ರಾಷ್ಟ್ರೀಯ ಸುಧಾರಿತ ಒಲೆ ಕಾರ್ಯಕ್ರಮ 2002ರಲ್ಲಿ ಮುಗಿಯಿತು. ಒಡಿಶಾದ ಹಳ್ಳಿಗಳಲ್ಲಿ ಎಸ್ತರ್ ಡಫ್ಲೋ ಮತ್ತು ಸಂಗಡಿಗರು ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳಿತು: ಚಿಮಣಿ ಒಲೆಯ ಲಾಭ ಮೊದಲ ವರ್ಷಕ್ಕೇ ಮುಗಿದಿತ್ತು, ಜನ ಅದನ್ನು ದುರಸ್ತಿ ಮಾಡಿಸುತ್ತಿರಲಿಲ್ಲ.

ಕೂರಿಸುವವರ ಕೈಚಳಕಕ್ಕೂ ಒಂದು ಉದಾಹರಣೆ ಕೊಡುತ್ತೇನೆ. ಒಲೆಯಿಂದ ಏಳುವ ತಗಡಿನ ಕೊಳವೆಯ ತುಂಡುಗಳಲ್ಲಿ ಒಂದು ತುದಿ ಸುಕ್ಕಿಸಿ ಕಿರಿದು ಮಾಡಿರುತ್ತದೆ. ಆ ತುದಿ ಕೆಳಮುಖವಾಗಿ, ಒಲೆಯ ಕಡೆಗಿರಬೇಕು. ಹೊಗೆ ಸೋರೀತೆಂದು ಹೆದರಿ ಹಲವರು ತಲೆಕೆಳಗಾಗಿ ಸೇರಿಸುತ್ತಾರೆ. ಸೆಳೆಯುತ್ತಿರುವ ಕೊಳವೆಯೊಳಗೆ ಒತ್ತಡ ಹೊರಗಿಗಿಂತ ಕಡಿಮೆ, ಹಾಗಾಗಿ ಸಂದಿಯಲ್ಲಿ ಗಾಳಿ ಒಳಹೋಗುತ್ತದೆಯೇ ಹೊರತು ಹೊಗೆ ಹೊರಬರುವುದಿಲ್ಲ. ತಲೆಕೆಳಗಾದರೆ ಸೋರುವುದು ಕ್ರಿಯೋಸೋಟ್, ಅದೂ ಕೋಣೆಯೊಳಕ್ಕೆ.

ಮಡಿಕೇರಿ, ಚಿಕ್ಕಮಗಳೂರಿನ ಕಡೆ ಹೋಂಸ್ಟೇಗೆ ಒಲೆ ಕೂರಿಸುವವರು ಅಮೆರಿಕದ ಅಳತೆ ನೆನಪಿಡಬಹುದು: ಕೊಳವೆ ಮಾಡಿನಿಂದ ಕನಿಷ್ಠ 3 ಅಡಿ ಮೇಲೇಳಬೇಕು, 10 ಅಡಿ ದೂರದೊಳಗಿನ ಮಾಡಿನ ಯಾವ ಭಾಗಕ್ಕಿಂತಲೂ 2 ಅಡಿ ಎತ್ತರವಿರಬೇಕು. ಒಂಟಿಗೋಡೆ ಕೊಳವೆಗೂ ಮರದ ತೊಲೆಗೂ ನಡುವೆ 18 ಅಂಗುಲ ಬಿಡಬೇಕು. ಒಣಗಿದ ಸೌದೆಯನ್ನೇ ಹಾಕಿ, ವರ್ಷಕ್ಕೊಮ್ಮೆ ಕೊಳವೆ ತಿಕ್ಕಿಸಿ. ಬೆಂಕಿ ಆರುತ್ತ ಬಂದಾಗ ಕೊಳವೆ ತಣ್ಣಗಾಗಿ ಸೆಳೆತ ಸಾಯುತ್ತದೆ. ಕೆಂಡ ಮಾತ್ರ ಬಣ್ಣ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಬಿಡುತ್ತಲೇ ಇರುತ್ತದೆ. ಹೊಸದಾಗಿ ಸೌದೆ ಒಲೆ ಕೂರಿಸುವ ಕೋಣೆಗೆ ಈ ಅನಿಲದ ಅಲಾರಂ ಇರಲೇಬೇಕೆಂದು ಇಂಗ್ಲೆಂಡ್ 2010ರಲ್ಲಿ ವಿಧಿಸಿತು. ಯಾರಾದರೂ ವಿಧಿಸುವವರೆಗೆ ಕಾಯದೆ ಅತಿಥಿಗಳು ಮಲಗುವ ಕೋಣೆಗೆ ನೀವೇ ಒಂದು ಅಲಾರಂ ಹಾಕಿಸಿಬಿಡಿ.