ಮಾದರಿ ರೈಲುದಾರಿಗೆ ಧಾರವಾಡ ಸೀಮೆಯ ದನಕರು

ಮೇಜಿನ ಮೇಲೆ ಹಳಿ ಹಾಸಿ, ಪುಟ್ಟ ನಿಲ್ದಾಣ ಕಟ್ಟಿ, ಹೊಲ-ಗುಡ್ಡಗಳ ನಡುವೆ ರೈಲು ಓಡಿಸುವುದು ಮಾದರಿ ರೈಲುದಾರಿಯ ಹವ್ಯಾಸ. ಇದರಲ್ಲಿ ಜಗತ್ತಿನಾದ್ಯಂತ ಅತಿ ಹೆಚ್ಚು ಬಳಕೆಯಲ್ಲಿರುವ ಅಳತೆ ‘ಎಚ್‌ಓ’. ಅಂದರೆ ಮೂಲದ 87ರಲ್ಲಿ ಒಂದು ಪಾಲು. ಹುಬ್ಬಳ್ಳಿ-ಧಾರವಾಡದ ಸುತ್ತಲಿನ ನೆಲವನ್ನು ಈ ಅಳತೆಗೆ ಇಳಿಸಬಯಸುವವರಿಗೆ ಎಂಜಿನ್‌ಗಿಂತಲೂ ಹೆಚ್ಚಿನ ತೊಡಕು ಒಡ್ಡುವುದು ಎತ್ತು ಮತ್ತು ಎಮ್ಮೆ.

ಜರ್ಮನಿಯ ಪ್ರೈಸರ್‌ನಂತಹ ಸಂಸ್ಥೆಗಳು ತಯಾರಿಸುವ ಪ್ಲಾಸ್ಟಿಕ್ ದನಗಳು ಸಾಮಾನ್ಯವಾಗಿ ಯುರೋಪಿನ ತಳಿಗಳವು. ಬೆನ್ನು ಮಟ್ಟಸ, ಕೋಡು ಗಿಡ್ಡ, ಹೆಗಲ ಮೇಲೆ ಹಿಣಿಲೇ ಇಲ್ಲ. ಅವನ್ನು ಎರೆಹೊಲದಲ್ಲಿ ನಿಲ್ಲಿಸಿದರೆ ಊರು ಧಾರವಾಡವಾಗಿ ಉಳಿಯದು. ಎಚ್‌ಓ ಹಳಿಯ ಅಗಲ 16.5 ಮಿ.ಮೀ.; ನಮ್ಮ 1,676 ಮಿ.ಮೀ. ಬ್ರಾಡ್‌ಗೇಜ್‌ಗೆ ಲೆಕ್ಕದಂತೆ 19 ಮಿ.ಮೀ.ಗೂ ಮಿಗಿಲಾಗಿರಬೇಕಿತ್ತು. ಈ ವ್ಯತ್ಯಾಸವನ್ನು ನೋಡುಗರ ಕಣ್ಣು ಮನ್ನಿಸುತ್ತದೆ. ಹಿಣಿಲಿಲ್ಲದ ಎತ್ತನ್ನು ಮಾತ್ರ ಒಕ್ಕಲು ಮನೆತನದ ಕಣ್ಣು ಮನ್ನಿಸದು.

ಪರಿಹಾರವೆಂದರೆ ಕೊಂಡ ಗೊಂಬೆಯನ್ನೇ ತಿದ್ದುವುದು. ಸುಮಾರು 140 ಸೆಂ.ಮೀ. ಎತ್ತರದ ಎತ್ತು ಇಲ್ಲಿ 16 ಮಿ.ಮೀ. ಆಗುತ್ತದೆ. ಮೊದಲು ಗೊಂಬೆಯನ್ನು ಸಾಬೂನು ನೀರಿನಲ್ಲಿ ತೊಳೆದು ಒಣಗಿಸಬೇಕು. ಜಿಡ್ಡಿದ್ದರೆ ಬಣ್ಣ ಹಿಡಿಯದು. ಸೋರುವ ನಲ್ಲಿಗೆ ಮೆತ್ತುವ ಎಂ-ಸೀಲ್‌ನ ಎರಡು ಭಾಗಗಳನ್ನು ಕಲಸಿ, ಸಾಸಿವೆ ಕಾಳಿಗಿಂತ ತುಸು ದೊಡ್ಡ ಉಂಡೆಯನ್ನು ಹೆಗಲ ಮೇಲಿಟ್ಟು ಒದ್ದೆ ಸೂಜಿಯಿಂದ ತೀಡಿದರೆ ಹಿಣಿಲು ಮೂಡುತ್ತದೆ. ಅದರಿಂದಲೇ ತೆಳುವಾಗಿ ಎಳೆದ ಪಟ್ಟಿ ಕೊರಳ ಕೆಳಗಿನ ಗಂಗೆದೊಗಲಾಗುತ್ತದೆ. ಗಟ್ಟಿಯಾಗುವ ಮುನ್ನ ಮುಗಿಸಬೇಕಾದ್ದರಿಂದ ಒಮ್ಮೆಗೆ ಎರಡು ಎತ್ತುಗಳಿಗೆ ಸಾಲುವಷ್ಟನ್ನೇ ಕಲಸುವುದು ಲೇಸು.

ಕೋಡಿಗೆ ವಿದ್ಯುತ್ ತಂತಿಯೊಳಗಿನ ತಾಮ್ರದ ಒಂದೆಳೆ ಸಾಕು. ಆದರೆ ತಳಿಯ ಗುರುತಿರುವುದೇ ಇಲ್ಲಿ. ಕಿಲಾರಿಯ ಕೋಡುಗಳು ಹಣೆಯ ಮೇಲೆ ಹತ್ತಿರದಿಂದ ಹೊರಟು, ಹಿಂದಕ್ಕೆ ಬಾಗಿ, ಬಿಲ್ಲಿನಂತೆ ಮೇಲೇಳುತ್ತವೆ; ಮೈಬಣ್ಣ ಬೂದು ಬೆರೆತ ಬಿಳುಪು. ಕೃಷ್ಣಾ ಕಣಿವೆ ತಳಿಗೆ ಉಬ್ಬಿದ ಹಣೆ, ಚಿಕ್ಕ ಬಾಗುಗೋಡು, ಜೋಲುವ ಗಂಗೆದೊಗಲು, ಭಾರಿ ಮೈಕಟ್ಟು. ಎರೆಭೂಮಿಯ ಜಿಗುಟು ಮಣ್ಣಿನಲ್ಲಿ ನೇಗಿಲೆಳೆಯಲೆಂದೇ ರೂಪುಗೊಂಡ ಈ ತಳಿಯ ಸಂಖ್ಯೆ ಟ್ರ್ಯಾಕ್ಟರ್‌ಗಳು ಬಂದ ಮೇಲೆ ತೀವ್ರವಾಗಿ ಕುಸಿದಿದೆ. ಹಳೆಯ ಕಾಲದ ಹೊಲವೊಂದನ್ನು ಚಿತ್ರಿಸುವವರು ಇದರ ಒಂದು ಜೋಡಿಯನ್ನಾದರೂ ಮಾಡಿಡಬೇಕು. ಮುಂದೊಮ್ಮೆ ಅಳತೆ ನೋಡಲು ನಿಜವಾದ ಜೋಡಿ ಸಿಗುವುದು ಇನ್ನಷ್ಟು ಕಷ್ಟವಾದೀತು.

ಎಮ್ಮೆಯ ವಿಷಯದಲ್ಲಿ ಗೊಂದಲವಿಲ್ಲ. 2021ರಲ್ಲಿ ದೇಶದ ಅಧಿಕೃತ ತಳಿಪಟ್ಟಿಗೆ ಸೇರಿದ ಧಾರವಾಡಿ ಎಮ್ಮೆಯ ಕೋಡು ಅರ್ಧಚಂದ್ರಾಕಾರ, ಹಿಂದಕ್ಕೆ ಬಾಗಿ ಹೆಗಲಿನವರೆಗೂ ಚಾಚುತ್ತದೆ. ಪೇಡೆಗೆ ಹೆಸರಾದ ಊರಿನ ಮಾದರಿಯಲ್ಲಿ ಅದಿಲ್ಲದಿದ್ದರೆ ಹೇಗೆ? ತಂತಿಯನ್ನು ಬೆಂಕಿಕಡ್ಡಿಗೆ ಸುತ್ತಿ ಕತ್ತರಿಸಿದರೆ ಬಾಗು ಸರಿಯಾಗಿ ಬರುತ್ತದೆ. ಅಚ್ಚ ಕಪ್ಪು ಬಣ್ಣ ಬಳಿದರೆ ಮೈಯ ಉಬ್ಬುತಗ್ಗು ಮರೆಯಾಗುತ್ತದೆ. ಕಪ್ಪಿಗೆ ಕಂದು ಬೆರೆಸಿ, ಕಾಲು-ಹೊಟ್ಟೆಗಳಿಗೆ ಒಣಕೆಸರಿನ ಬೂದು ಸವರಬೇಕು.

ಕಾಲಘಟ್ಟವನ್ನು ಮೊದಲೇ ನಿರ್ಧರಿಸಿಕೊಳ್ಳುವುದು ಅಗತ್ಯ. 1990ರ ದಶಕದ ಗೇಜ್ ಪರಿವರ್ತನೆಗೆ ಮುಂಚಿನ ಮೀಟರ್‌ಗೇಜ್ ದಾರಿಯಾದರೆ ಪಕ್ಕದಲ್ಲಿ ಚಕ್ಕಡಿ, ಕೋಡಿಗೆ ಬಣ್ಣ ಬಳಿದ ಎತ್ತುಗಳು ಸಹಜ. 2023ರಲ್ಲಿ ಉದ್ಘಾಟನೆಗೊಂಡ ಹುಬ್ಬಳ್ಳಿಯ 1,507 ಮೀಟರ್ ಪ್ಲಾಟ್‌ಫಾರ್ಮ್‌ನ ಕಾಲವಾದರೆ ಕಪ್ಪು-ಬಿಳಿಯ ಎಚ್‌ಎಫ್ ಮಿಶ್ರತಳಿ ಹಸುಗಳೂ ಸಲ್ಲುತ್ತವೆ. ಕೊಂಡ ಗೊಂಬೆಗೆ ಅಲ್ಪ ತಿದ್ದುಪಡಿ ಸಾಕು. (ಆ ಪ್ಲಾಟ್‌ಫಾರ್ಮ್ ಎಚ್‌ಓ ಅಳತೆಯಲ್ಲೂ 17 ಮೀಟರ್ ಮೀರುತ್ತದೆ, ಮನೆಯಲ್ಲಿ ಅದರ ಒಂದು ತುಣುಕಷ್ಟೇ ಸಾಧ್ಯ.)

ನಿಲುವು ಕಲಿಯಲು ಮಣ್ಣೆತ್ತಿನ ಅಮಾವಾಸ್ಯೆಯ ಪೇಟೆಗಿಂತ ಉತ್ತಮ ಪಾಠವಿಲ್ಲ. ಜ್ಯೇಷ್ಠದ ಆ ದಿನಕ್ಕಾಗಿ ಕುಂಬಾರರು ತಿದ್ದುವ ಜೋಡೆತ್ತುಗಳಲ್ಲಿ ಕಣ್ಣು, ಗೊರಸು ಅಸ್ಪಷ್ಟವಾಗಿದ್ದರೂ ಹಿಣಿಲು ಮತ್ತು ಕೋಡು ಎಂದೂ ತಪ್ಪುವುದಿಲ್ಲ. ಎರಡು ಅಡಿ ದೂರದಿಂದ ನೋಡುವ 16 ಮಿ.ಮೀ. ಎತ್ತಿಗೂ ಬೇಕಾದುದು ಅವೆರಡೇ. ಆದರೆ ಹಸಿ ಎರೆಮಣ್ಣನ್ನೇ ಈ ಅಳತೆಗೆ ಬಳಸುವುದು ವ್ಯರ್ಥ. ಒಣಗುವಾಗ ಕುಗ್ಗಿ ಬಿರಿಯುತ್ತದೆ, ಕೋಡು ಮೊದಲು ಉದುರುತ್ತದೆ.